ನಿರೀಕ್ಷೆಯುಳ್ಳವರ ನಡತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬಯಿ, ಪುಣೆ, ಗೋವೆಯ ಕನ್ನಡ ಕ್ರೈಸ್ತ ಓದುಗರ ಪತ್ರಗಳಲ್ಲಿ ಈ ಸಲ ಒಂದೇ ಕಳವಳ ಬೇರೆ ಬೇರೆ ರೂಪದಲ್ಲಿ ಕಾಣಿಸಿದೆ. ಪುನರುತ್ಥಾನವನ್ನು, ಬರಲಿರುವ ಹೊಸ ಲೋಕವನ್ನು ನಂಬುವವರು ಇವತ್ತಿನ ದುಡ್ಡು, ದೇಹ, ಮಾತು, ಕೆಲಸದ ವಿಷಯದಲ್ಲಿ ಹೇಗಿರಬೇಕು? ಪ್ರೊಟೆಸ್ಟೆಂಟರೂ ಕಥೋಲಿಕರೂ ಬರೆದಿದ್ದಾರೆ. ಬೋಧನೆ ಬೇರೆಯಾಗುವ ಕಡೆ ಅದನ್ನು ಹೇಳಿದ್ದೇವೆ. ಬರೆದವರ ಊರನ್ನಷ್ಟೇ ಕೊಟ್ಟಿದ್ದೇವೆ.

ರಕ್ಷಣೆ ಕೃಪೆಯಿಂದ ಬರುವ ದಾನ ಎಂದು ಪ್ರತಿ ಭಾನುವಾರ ಕೇಳುತ್ತೇವೆ. ಹಾಗಿದ್ದ ಮೇಲೆ 'ಪರಿಶುದ್ಧರಾಗಿರಿ' ಎಂಬ ಆಜ್ಞೆ ಏಕೆ? ಆಗದಿದ್ದರೆ ದೇವರು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ? (ಡೊಂಬಿವಲಿ)

ಪೇತ್ರನ ಮೊದಲನೆಯ ಪತ್ರದ ಮೊದಲ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಯೇಸು ಕ್ರಿಸ್ತರು ಸತ್ತವರೊಳಗಿಂದ ಎದ್ದುದರಿಂದ ನಮಗೆ ಜೀವವುಳ್ಳ ನಿರೀಕ್ಷೆ ಉಂಟಾಯಿತು ಎನ್ನುತ್ತದೆ 3ನೇ ವಚನ. ಕೆಡದ, ಮಾಸದ, ಬಾಡದ ಬಾಧ್ಯತೆ (ತಂದೆಯ ಸೊತ್ತಿನಲ್ಲಿ ಮಕ್ಕಳ ಪಾಲು) ನಮಗಾಗಿ ಇಟ್ಟಿದೆ ಎನ್ನುತ್ತದೆ 4ನೇ ವಚನ. ಇಲ್ಲಿಯವರೆಗೆ ಒಂದೂ ಆಜ್ಞೆ ಇಲ್ಲ. 13ನೇ ವಚನ 'ಆದಕಾರಣ' ಎಂದು ತಿರುಗುತ್ತದೆ: ಮನಸ್ಸಿನ ನಡು ಕಟ್ಟಿಕೊಳ್ಳಿ, ಎಚ್ಚರವಾಗಿರಿ, ಬರಲಿರುವ ಕೃಪೆಯ ಮೇಲೆ ಪೂರ್ಣ ನಿರೀಕ್ಷೆಯಿಡಿ. ಪರಿಶುದ್ಧರಾಗಿರಿ ಎಂಬ ಮಾತು ಬರುವುದು ಅದಾದ ಮೇಲೆ, 15 ಮತ್ತು 16ರಲ್ಲಿ. ಪೇತ್ರ ಅದನ್ನು ಯಾಜಕಕಾಂಡದಿಂದ ತೆಗೆದುಕೊಂಡಿದ್ದಾನೆ. ಅಲ್ಲಿಯೂ ದೇವರು ಮೊದಲು ಜನರನ್ನು ಐಗುಪ್ತದಿಂದ ಬಿಡಿಸಿ, ಆಮೇಲೆ ನನ್ನ ಹಾಗೆ ಪರಿಶುದ್ಧರಾಗಿರಿ ಎಂದರು.

ಈ ಕ್ರಮ ತಲೆಕೆಳಗಾದರೆ ಎರಡು ರೀತಿಯಲ್ಲಿ ಕೆಡುತ್ತದೆ. ಪರಿಶುದ್ಧತೆ ಮೊದಲು, ನಿರೀಕ್ಷೆ ಆಮೇಲೆ ಎಂದುಕೊಂಡವರು ದಿನವೂ ಲೆಕ್ಕ ಹಾಕುತ್ತಾರೆ. ಒಂದು ವಾರ ಚೆನ್ನಾಗಿ ನಡೆದರೆ ಎದೆಯುಬ್ಬಿಸುತ್ತಾರೆ, ಬಿದ್ದರೆ ಮುಖ ತೋರಿಸಲಾರದೆ ತಿಂಗಳುಗಟ್ಟಲೆ ಸಭೆಗೆ ಬರುವುದಿಲ್ಲ. ನಿರೀಕ್ಷೆ ಸಿಕ್ಕಿತಲ್ಲ, ಇನ್ನು ಸಾಕು ಎಂದುಕೊಂಡವರು 'ಆದಕಾರಣ'ವನ್ನೇ ಬಿಟ್ಟು ಓದುತ್ತಾರೆ. ಪೌಲ ತೀತನಿಗೆ ಬರೆದ ಪತ್ರ (2:11–13) ಈ ಎರಡನೆಯವರಿಗೆ ನೇರ ಉತ್ತರ ಕೊಡುತ್ತದೆ. ಭಕ್ತಿಹೀನತೆಗೆ ಬೇಡ ಎನ್ನಲು ನಮಗೆ ಕಲಿಸುವುದು ಕೃಪೆಯೇ, ಅದು ಕಲಿಸುವುದು ಆ ಭಾಗ್ಯಕರ ನಿರೀಕ್ಷೆಗಾಗಿ ಕಾಯುವವರಿಗೆ. ಕಲಿಸದ ಕೃಪೆಯನ್ನು ಪೌಲ ಕಂಡವನಲ್ಲ.

ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬುದರಲ್ಲಿ ಸಭೆಗಳು ಒಂದೇ ಮಾತು ಹೇಳುವುದಿಲ್ಲ. ಮಾರಕ ಪಾಪದಿಂದ ಕೃಪೆಯ ಸ್ಥಿತಿಯನ್ನು ಕಳೆದುಕೊಳ್ಳಬಹುದು, ಪಾಪನಿವೇದನೆಯ ಸಂಸ್ಕಾರದಿಂದ ಮರಳಿ ಪಡೆಯಬಹುದು ಎಂಬುದು ಕಥೋಲಿಕ ಬೋಧನೆ. ದೇವರು ಹಿಡಿದವರು ಕೊನೆವರೆಗೂ ನಿಲ್ಲುತ್ತಾರೆ ಎಂಬುದು ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಪರಂಪರೆಯದು. ವೆಸ್ಲಿಯನ್ನು ಅನುಸರಿಸುವ ಮೆಥೊಡಿಸ್ಟರು ವಿಶ್ವಾಸಿಯೂ ಜಾರಿ ದೂರವಾಗಬಹುದು ಎನ್ನುತ್ತಾರೆ. ಆದರೆ ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲ ಎಂಬ ಇಬ್ರಿಯರ ಪತ್ರದ ಮಾತನ್ನು (12:14) ಇವರಲ್ಲಿ ಯಾರೂ ಕೈಬಿಟ್ಟಿಲ್ಲ. 'ಕೊಟ್ಟದ್ದು ಹೋಗುತ್ತದೆಯೇ' ಎಂದು ಕೇಳುತ್ತ ಕೂರುವ ಬದಲು, ಮಕ್ಕಳೆಂದು ಕರೆಸಿಕೊಂಡವರ ಹಾಗೆ ಈ ವಾರ ಎಲ್ಲಿ ನಡೆಯಲಿಲ್ಲ ಎಂದು ನೋಡಿ. ಪೇತ್ರ 14ನೇ ವಚನದಲ್ಲಿ 'ವಿಧೇಯರಾದ ಮಕ್ಕಳು' ಎಂದೇ ಕರೆಯುತ್ತಾನೆ. ಕೆಲಸದಿಂದ ತೆಗೆಯುವ ಧಣಿ ಮಾತಾಡುತ್ತಿಲ್ಲ ಇಲ್ಲಿ, ತಂದೆ ಮಾತಾಡುತ್ತಿದ್ದಾರೆ.

ಅಂಧೇರಿಯ ಒಂದು ಹೋಟೆಲಿನಲ್ಲಿ ಖರೀದಿ ನನ್ನ ಕೈಯಲ್ಲಿದೆ. ವಾಶಿ ಮಾರುಕಟ್ಟೆಯ ವ್ಯಾಪಾರಿಯಿಂದ ಬಿಲ್ಲಿನ ಮೇಲೆ ಕಮಿಷನ್ ತೆಗೆದುಕೊಳ್ಳುತ್ತಿದ್ದೆ, ಸುಮಾರು ಎರಡು ವರ್ಷ, ತಿಂಗಳಿಗೆ ಮೂರು ಸಾವಿರದಂತೆ. ಮಾಲಕರಿಗೆ ಗೊತ್ತಿಲ್ಲ. ದೇವರಲ್ಲಿ ಕ್ಷಮೆ ಕೇಳಿದ್ದೇನೆ. ಅಷ್ಟು ಸಾಕಲ್ಲವೇ? (ಅಂಧೇರಿ)

ಸಾಲದು. ಕ್ಷಮೆ ಉಚಿತ, ಆದರೆ ದುಡ್ಡು ಇನ್ನೊಬ್ಬರದು. ಯಾಜಕಕಾಂಡ 6ನೇ ಅಧ್ಯಾಯದ ನಿಯಮ ಸ್ಪಷ್ಟವಾಗಿದೆ: ಮೋಸದಿಂದ ಪಡೆದ ಮೂಲಧನವನ್ನು ಪೂರ್ತಿ ಹಿಂದಿರುಗಿಸಿ, ಅದರ ಐದನೆಯ ಒಂದು ಪಾಲನ್ನು ಸೇರಿಸಿ, ಸೊತ್ತಿನ ಒಡೆಯನಿಗೇ ಕೊಡಬೇಕು. ಸುಂಕ ವಸೂಲಿಯ ಜಕ್ಕಾಯ (ಲೂಕ 19:8) ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಅದು ಅವನ ಹೃದಯ ಉಕ್ಕಿ ಬಂದ ಮಾತು, ಎಲ್ಲರಿಗೂ ಹಾಕಿದ ದಂಡವಲ್ಲ. ಐದನೆಯ ಒಂದು ಪಾಲು ಸೇರಿಸುವುದು ಒಳ್ಳೆಯ ಅಳತೆ.

ಮೊದಲು ಇವತ್ತಿನಿಂದಲೇ ಕಮಿಷನ್ ನಿಲ್ಲಿಸಿ. ಹಳೆಯದನ್ನು ತೀರಿಸುತ್ತ ಹೊಸದನ್ನು ಪಡೆಯುವವರಿದ್ದಾರೆ, ಅದು ಪಶ್ಚಾತ್ತಾಪವಲ್ಲ. ವ್ಯಾಪಾರಿಗೆ, ಇನ್ನು ಮುಂದೆ ನನಗೆ ಕೊಡುವುದನ್ನು ಬಿಲ್ಲಿನಲ್ಲೇ ಕಡಿಮೆ ಮಾಡಿ ಎನ್ನಿ. ಆಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. 24 ತಿಂಗಳು, 3,000 ರೂಪಾಯಿ, ಒಟ್ಟು 72,000. ಐದನೆಯ ಒಂದು ಪಾಲು 14,400. ಕೊಡಬೇಕಾದದ್ದು 86,400. ನೆನಪು ಖಚಿತವಿಲ್ಲದ ತಿಂಗಳನ್ನು ಜಾಸ್ತಿ ಕಡೆಗೇ ಹಾಕಿ. ಒಟ್ಟಿಗೆ ಇಲ್ಲದಿದ್ದರೆ ತಿಂಗಳಿಗೆ 3,600ರಂತೆ 24 ತಿಂಗಳಲ್ಲಿ ತೀರುತ್ತದೆ. ಮನೆಯವರಿಗೆ ಹೇಳದೆ ಈ ಕಂತು ಶುರು ಮಾಡಬೇಡಿ. ತಿಂಗಳ ಖರ್ಚಿನಲ್ಲಿ ಕಾಣದ ತೂತು ಬಿದ್ದರೆ ಮೂರನೆಯ ತಿಂಗಳಿಗೇ ಜಗಳ, ನಾಲ್ಕನೆಯದಕ್ಕೆ ಕಂತು ನಿಲ್ಲುತ್ತದೆ.

ಕೊಡುವುದು ಹೇಗೆ? ಮಾಲಕರ ಮುಂದೆ ಹೋಗಿ ಹೇಳುವುದೇ ನೇರ ದಾರಿ, ಅದನ್ನೇ ಮೊದಲು ಯೋಚಿಸಿ. ಕೆಲಸ ಹೋಗಬಹುದು, ದೂರು ದಾಖಲಾಗಬಹುದು. ಆದ್ದರಿಂದ ಮುಂಚೆ ಒಬ್ಬ ವಕೀಲರನ್ನೂ ನಿಮ್ಮ ಸಭಾಪಾಲಕರನ್ನೋ ಗುರುಗಳನ್ನೋ ಕಂಡು ಬನ್ನಿ. ಕಥೋಲಿಕರಾಗಿದ್ದರೆ ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ. ಹೆಸರು ಹೇಳದೆ ಹಣ ಮುಟ್ಟಿಸುವುದನ್ನೂ ಕಥೋಲಿಕ ನೀತಿಬೋಧನೆ ಒಪ್ಪುತ್ತದೆ, ಹೆಸರು ಹೇಳಿದರೆ ಆಗುವ ಹಾನಿ ತಪ್ಪಿಗಿಂತ ತೀರ ದೊಡ್ಡದಾಗುವಾಗ. ಪ್ರೊಟೆಸ್ಟೆಂಟ್ ಪಾಲಕರು ಹೆಚ್ಚಾಗಿ ಮುಖಾಮುಖಿ ಒಪ್ಪಿಕೊಳ್ಳುವಂತೆ ಹೇಳುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಮಾಲಕರಿಗೆ ಕೊಡುವ ಬದಲು ಆ ಮೊತ್ತವನ್ನು ಕಾಣಿಕೆ ಡಬ್ಬಿಗೆ ಹಾಕುವುದು ಒಂದು. ಒಡೆಯ ಬದುಕಿರುವಾಗ ಅವನ ದುಡ್ಡನ್ನು ದೇವರಿಗೆ ದಾನ ಮಾಡಲು ನಿಮಗೆ ಹಕ್ಕಿಲ್ಲ. ಒಡೆಯ ತೀರಿಕೊಂಡು, ಪಡೆಯಲು ಹತ್ತಿರದ ಬಂಧುವೂ ಇಲ್ಲದಾಗ ಮಾತ್ರ ಅದು ದೇವರಿಗೆ ಸಲ್ಲಬೇಕು ಎನ್ನುತ್ತದೆ ಅರಣ್ಯಕಾಂಡ 5:8. ಭಾನುವಾರದ ಸಾಕ್ಷಿಯ ಹೊತ್ತಿನಲ್ಲಿ ಮೈಕು ಹಿಡಿದು ಎಲ್ಲವನ್ನೂ ಹೇಳಿ, ಜೊತೆಗೆ ಪಾಲು ಪಡೆದವರ ಹೆಸರನ್ನೂ ಸೇರಿಸುವುದು ಎರಡು. ನಿಮ್ಮ ಪಾಪ ನಿಮ್ಮದು, ಅವರದನ್ನು ಅವರೇ ಹೇಳಲಿ. 'ಸಂಬಳ ಕಡಿಮೆ ಕೊಡುತ್ತಿದ್ದರಲ್ಲ, ಸರಿಹೋಯಿತು' ಎಂದು ಮನಸ್ಸಿನಲ್ಲೇ ವಜಾ ಹಾಕುವುದು ಮೂರು. ಸಂಬಳದಲ್ಲಿ ಅನ್ಯಾಯವಾಗಿದ್ದರೆ ಅದನ್ನು ಬೇರೆಯೇ ಕೇಳಬೇಕು.

ಇಷ್ಟು ದೊಡ್ಡ ಮೊತ್ತ, ಇಷ್ಟು ಅವಮಾನ, ಹೇಗೆ ತಡೆದುಕೊಳ್ಳುವುದು ಎಂಬ ಭಯ ನಿಮ್ಮ ಪತ್ರದಲ್ಲಿದೆ. ಇಬ್ರಿಯರ ಪತ್ರ 10:34ರಲ್ಲಿ, ಇದಕ್ಕಿಂತ ಉತ್ತಮವೂ ನಿಲ್ಲುವಂಥದೂ ಆದ ಸಂಪತ್ತು ತಮಗಿದೆ ಎಂದು ತಿಳಿದು ತಮ್ಮ ಸೊತ್ತು ಸುಲಿಗೆಯಾದದ್ದನ್ನೂ ಸಂತೋಷದಿಂದ ಸಹಿಸಿದವರ ಮಾತು ಬರುತ್ತದೆ. ಅವರು ಕಳೆದುಕೊಂಡದ್ದು ತಮ್ಮದೇ ಸೊತ್ತು. ನೀವು ಬಿಡಬೇಕಾದದ್ದು ನಿಮ್ಮದಲ್ಲದ್ದು. ಅವರನ್ನು ಹೊತ್ತ ನಿರೀಕ್ಷೆಗೆ ನಿಮ್ಮನ್ನು ಹೊರುವ ಶಕ್ತಿ ಖಂಡಿತ ಇದೆ.

ಸಂತ ಜೋಸೆಫ್ ವಾಜರ ಊರಿನ ಹತ್ತಿರವೇ ನಮ್ಮ ಮನೆ. ಅವರಂಥವರಿಗೆ ಪವಿತ್ರ ಜೀವನ ಸರಿ. ಅಂಗಡಿ, ಮಕ್ಕಳು, ಅತ್ತೆ–ಮಾವ ಎಂದು ಓಡಾಡುವ ನಮಗೆ ಅದು ದಕ್ಕುತ್ತದೆಯೇ? (ಮಡಗಾಂವ್)

ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜರು ಶ್ರೀಲಂಕೆಗೆ ಹೋಗುವ ಮೊದಲು ನಮ್ಮ ಕನ್ನಡ ಕರಾವಳಿಯಲ್ಲಿ, ಮಂಗಳೂರು–ಕುಂದಾಪುರದ ಕಡೆ, ದಿಕ್ಕಿಲ್ಲದ ಕ್ರೈಸ್ತರ ನಡುವೆ ಸೇವೆ ಮಾಡಿದವರು. ಅವರನ್ನು ನೆನೆಯುವುದು ಸರಿಯೇ. ಆದರೆ ಪವಿತ್ರತೆಯ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರವಲ್ಲ, ಪ್ರತಿಯೊಬ್ಬ ಕ್ರೈಸ್ತರಿಗೂ ಎಂದು 1964ರಲ್ಲಿ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಒಂದು ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟು ಹೇಳಿದೆ.

ಯಾಜಕಕಾಂಡ 19 ಓದಿ. 'ಪರಿಶುದ್ಧರಾಗಿರಿ' ಎಂದು ಶುರುವಾಗುವ ಅಧ್ಯಾಯ ಮರುವಚನದಲ್ಲೇ ಮನೆಯೊಳಗೆ ಬರುತ್ತದೆ: ತಾಯಿತಂದೆಗಳಿಗೆ ಮರ್ಯಾದೆ ಕೊಡಿ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೆ ಬಿಡಿ. ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡಿ. ಕಿವುಡನನ್ನು ಬಯ್ಯಬೇಡಿ. ಚಾಡಿ ಹೇಳುತ್ತ ತಿರುಗಬೇಡಿ. ತಕ್ಕಡಿ, ತೂಕದ ಬಟ್ಟು, ಅಳತೆ ನ್ಯಾಯವಾಗಿರಲಿ. ಇದರಲ್ಲಿ ಮಠಕ್ಕೆ ಹೋಗಿ ಮಾಡಬೇಕಾದದ್ದು ಯಾವುದಿದೆ?

ನಿಮ್ಮ ಅಂಗಡಿಗೆ ಅನ್ವಯಿಸಿದರೆ: ತಕ್ಕಡಿಯ ಮುದ್ರೆಯ ಅವಧಿ ನೋಡಿ. ತಟ್ಟೆ ಖಾಲಿ ಇರುವಾಗ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಸಿಹಿತಿಂಡಿ ತೂಗುವಾಗ ರಟ್ಟಿನ ಡಬ್ಬಿಯ ತೂಕ ಕಳೆಯಿರಿ. ಹುಡುಗರ ಪಗಾರ ತಿಂಗಳ ಅದೇ ತಾರೀಖಿಗೆ ಕೊಡಿ, ಮನೆಗೆಲಸದವರಿಗೆ ಅವರು ಊರಿಗೆ ಹೋಗುವ ಹಿಂದಿನ ದಿನವೇ ಕೊಡಿ, 'ಬಂದ ಮೇಲೆ ನೋಡೋಣ' ಬೇಡ. ತಡೆಹಿಡಿದ ಕೂಲಿ ಕೂಗುತ್ತದೆ ಎಂದ ಅಧ್ಯಾಯದಲ್ಲೇ (ಯಾಕೋಬ 5) ಕರ್ತನ ಬರೋಣ (ಮರಳಿ ಬರುವುದು) ಹತ್ತಿರವಾಯಿತು ಎಂದೂ ಇದೆ. ಯಾಜಕಕಾಂಡದ ಅದೇ 19ನೇ ಅಧ್ಯಾಯ ಪರದೇಶಿಯನ್ನು ನಿಮ್ಮವನಂತೆಯೇ ಕಾಣಿರಿ ಎನ್ನುತ್ತದೆ. ಗೋವೆಗೆ ನಾವೇ ಹೊರಗಿನಿಂದ ಬಂದವರು. ಈಗ ಜಾರ್ಖಂಡ್, ಒಡಿಶಾದಿಂದ ಬರುವ ಹುಡುಗರನ್ನು ನಾವು ಏನೆಂದು ಕರೆಯುತ್ತೇವೆ ಎಂಬುದೂ ಪವಿತ್ರತೆಯ ವಿಷಯ.

ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿ ಮಾಡಿದ್ದೂ ಇದನ್ನೇ. 1858ರಲ್ಲಿ ನಮ್ಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಅವರು 1890ರ ದಶಕದ ಬರಗಾಲದಲ್ಲಿ ಅನಾಥ ಹುಡುಗಿಯರನ್ನು ಕರೆತಂದು ಅನ್ನ, ಅಕ್ಷರ, ಕಸುಬು ಕೊಟ್ಟರು. ಅವರ ಪ್ರಾರ್ಥನಾ ಜೀವನವನ್ನು ಆ ಕೆಲಸದಿಂದ ಬೇರ್ಪಡಿಸಿ ನೋಡಲು ಆಗುವುದೇ ಇಲ್ಲ.

ಕಾರ್ಖಾನೆಯಲ್ಲಿ ಮೂರು ಪಾಳಿ. ಬೆಳಗಿನ ಪ್ರಾರ್ಥನೆ, ಬೈಬಲ್ ಪಾರಾಯಣ ಎಲ್ಲ ಎರಡು ವಾರಕ್ಕೆ ನಿಂತುಹೋಗುತ್ತದೆ. ಉಪವಾಸ ಹೇಗೆ ಮಾಡುವುದು? (ಪಿಂಪರಿ)

ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ಸೋಮಾರಿತನವಲ್ಲ, ಅಳತೆ ತಪ್ಪು. ದಿನಕ್ಕೆ ಒಂದು ಗಂಟೆ ಎಂದು ಶುರು ಮಾಡಿದವರು ರಾತ್ರಿ ಪಾಳಿ ಬಂದ ವಾರ ಬಿಡುತ್ತಾರೆ. ಆದಿಕಾಂಡದಿಂದ ಶುರು ಮಾಡಿದವರು ವಿಮೋಚನಕಾಂಡದ ಗುಡಾರದ ಅಳತೆಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಅಧ್ಯಾಯದಂತೆ ಓದಿದರೆ ಸರಿಯಾಗಿ 52 ವಾರ. ಉಳಿದ ಎರಡು ದಿನ ತಪ್ಪಿದ್ದನ್ನು ತುಂಬಿಕೊಳ್ಳಲು. ಮೊದಲು 1 ಪೇತ್ರ ಓದಿ, ಐದೇ ಅಧ್ಯಾಯ. ಬೆಳಗ್ಗೆ ಎಂಬುದನ್ನು ಗಡಿಯಾರದಿಂದ ಅಳೆಯಬೇಡಿ. ರಾತ್ರಿ ಪಾಳಿಯವರಿಗೆ ಮಧ್ಯಾಹ್ನ ಎರಡಕ್ಕೆ ಎದ್ದ ಹೊತ್ತೇ ಬೆಳಗು. ಓದುವುದು ಮೊಬೈಲಿನಲ್ಲಾದರೆ ಇಂಟರ್ನೆಟ್ ಆಫ್ ಮಾಡಿ, ಇಲ್ಲದಿದ್ದರೆ ಎರಡನೇ ವಚನಕ್ಕೇ ಪಾಳಿ ಗ್ರೂಪಿನ ಮೆಸೇಜು ಬರುತ್ತದೆ.

ಮಲಗುವ ಮುಂಚೆ ಹತ್ತು ನಿಮಿಷದ ಆತ್ಮಶೋಧನೆ ಸೇರಿಸಿ. ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲದ ಇಗ್ನೇಷಿಯಸರು ಹೇಳಿಕೊಟ್ಟ ಕ್ರಮ ಐದು ಹೆಜ್ಜೆಯದು: ದಿನಕ್ಕಾಗಿ ವಂದನೆ, ನಿಜವನ್ನು ಕಾಣಲು ಬೆಳಕು ಬೇಡುವುದು, ಎದ್ದಲ್ಲಿಂದ ಈಗಿನವರೆಗೆ ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತಿದ್ದಿಕೊಳ್ಳುವ ನಿರ್ಧಾರ. ಬಹಳ ಜನ ಮೊದಲ ಹೆಜ್ಜೆ ಹಾರಿ ಮೂರನೆಯದಕ್ಕೆ ಹೋಗುತ್ತಾರೆ. ಆಗ ಇದು ದಿನವೂ ತನ್ನನ್ನೇ ಬೈದುಕೊಳ್ಳುವ ಕೆಲಸವಾಗಿ, ವಾರದಲ್ಲಿ ಬೇಸರ ಬರುತ್ತದೆ. ನಿರ್ಧಾರ ಒಂದೇ ಇರಲಿ, ಚಿಕ್ಕದಿರಲಿ: 'ನಾಳೆ ಸೂಪರ್‌ವೈಸರ್ ಹಿಂದೆ ಮಾತಾಡುವುದಿಲ್ಲ'.

ಉಪವಾಸದ ಬಗ್ಗೆಯೂ ಕೇಳಿದ್ದೀರಿ. ಕಥೋಲಿಕರಿಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ. ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ಆಹಾರ, ಅವೆರಡೂ ಸೇರಿ ಒಂದು ಊಟ ಆಗಬಾರದು. 18 ತುಂಬಿದವರಿಂದ 59ರವರೆಗೆ ಈ ನಿಯಮ. ಕಾಯಿಲೆಯವರಿಗೆ ವಿನಾಯಿತಿ ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಲೇಬಾರದು. ಬಿಸಿ ಕುಲುಮೆಯ ಹತ್ತಿರ ನಿಲ್ಲುವವರು ನೀರು ಬಿಡಬಾರದು.

ನಮ್ಮ ಅಣ್ಣ ಗೌಂಡಿ ಕೆಲಸಕ್ಕೆಂದು ಬಾಗಲಕೋಟೆಯಿಂದ ಬಂದವರು. ದಿನಾ ಕುಡಿತಾರೆ. 'ಮಣ್ಣಾಗೋ ದೇಹ, ಆತ್ಮ ಸ್ವರ್ಗಕ್ಕೆ ಹೋದ್ರೆ ಸಾಕು' ಅಂತಾರೆ. ಪ್ರಾರ್ಥನಾ ಕೂಟದವರು 'ಇವತ್ತೇ ಪೂರ್ತಿ ಬಿಡಿಸ್ತೀವಿ' ಅಂತಿದ್ದಾರೆ. (ವಾಸ್ಕೋ)

ತಂಗೀ, ಮೊದಲು ಜೀವದ ವಿಷಯ. ಬಹಳ ವರ್ಷ ದಿನವೂ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಕೊನೆಯ ಗುಟುಕಿನ ಕೆಲವು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಭ್ರಮೆ ಹಿಡಿದು, ಇಲ್ಲದ್ದು ಕಂಡು, ಜ್ವರ ಏರಿ ಸಾವೂ ಆಗಬಹುದು. ಇದನ್ನು ದೆವ್ವ ಎಂದುಕೊಂಡು ಕಟ್ಟಿಹಾಕಿ ಪ್ರಾರ್ಥಿಸುತ್ತ ಕೂತರೆ ಜೀವ ಉಳಿಸುವ ಹೊತ್ತು ಕಳೆದುಹೋಗುತ್ತದೆ. ಬಾಂಬೋಳಿಯ ಸರಕಾರಿ ಮನೋವೈದ್ಯ ಸಂಸ್ಥೆಗೋ ಹತ್ತಿರದ ಸರಕಾರಿ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ವೈದ್ಯರು ನಡುಕ ತಡೆಯುವ ಮಾತ್ರೆಯನ್ನು ದಿನದಿನ ಇಳಿಸುತ್ತ ಕೊಡುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ಕೂಟದವರು ಪ್ರಾರ್ಥಿಸಲಿ, ಆಸ್ಪತ್ರೆಯ ವರಾಂಡದಲ್ಲಿ. ಸರದಿಯಂತೆ ರಾತ್ರಿ ಜೊತೆಗಿರಲಿ.

ಇನ್ನು ಅಣ್ಣನ ಮಾತು. ಆತ್ಮ ಹಾರಿಹೋದರೆ ಸಾಕು, ದೇಹ ಬೀಳಲಿ ಎಂಬುದು ಕ್ರೈಸ್ತ ನಿರೀಕ್ಷೆಯಲ್ಲ. ದೇಹದ ಪುನರುತ್ಥಾನವನ್ನು ನಂಬುತ್ತೇನೆ ಎಂದು ವಿಶ್ವಾಸಪ್ರಮಾಣದಲ್ಲಿ ಬಾಯಿಬಿಟ್ಟು ಹೇಳುತ್ತೇವೆ. ಕೊರಿಂಥದಲ್ಲಿಯೂ ಇದೇ ಬಗೆಯ ಮಾತಿತ್ತು. ಕರ್ತನನ್ನು ಎಬ್ಬಿಸಿದ ದೇವರು ನಮ್ಮನ್ನೂ ಎಬ್ಬಿಸುವರು, ದೇಹವು ಪವಿತ್ರಾತ್ಮನಿಗೆ ಗುಡಿ ಎಂದು ಪೌಲ ಉತ್ತರಿಸಿದ (1 ಕೊರಿಂಥ 6). ಸತ್ತವರು ಏಳುವುದಿಲ್ಲವಾದರೆ ಮಾತ್ರ 'ತಿನ್ನೋಣ, ಕುಡಿಯೋಣ, ನಾಳೆ ಸಾಯುತ್ತೇವೆ' ಎನ್ನಬಹುದು ಎಂದೂ ಬರೆದ (15:32). ಗೋಡೆ ಕಟ್ಟುವ ಆ ಕೈಗಳನ್ನೇ ದೇವರು ಎಬ್ಬಿಸಲಿದ್ದಾರೆ. ಇದನ್ನು ಅಣ್ಣ ಕುಡಿದಿರುವಾಗ ಹೇಳಬೇಡಿ, ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೇಳಿ.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ತಿಂಗಳುಗಳಲ್ಲೇ ಮರಳಿ ಬೀಳುವುದು ಹೆಚ್ಚು. ಮದ್ಯ ಬಿಡಲು ಬಯಸುವವರ 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಟಗಳಿಗೆ ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ವಾರದ ಪಗಾರ ಕೈಗೆ ಬರುವ ದಿನ ಅತ್ತಿಗೆಯೋ ನೀವೋ ಸೈಟಿನ ಹತ್ತಿರವೇ ಇರಿ. ಒಮ್ಮೆ ಬಿದ್ದರೆ 'ಎಲ್ಲ ಹಾಳಾಯಿತು' ಎನ್ನದೆ ಮರುದಿನವೇ ವೈದ್ಯರಲ್ಲಿಗೆ ಮರಳಲಿ.

ಯಜಮಾನರು ತೀರಿಕೊಂಡು ಎರಡು ವಾರ. ಅಳಬೇಡಿ, ಅತ್ತರೆ ನಿರೀಕ್ಷೆಯಿಲ್ಲದವರಂತೆ ಆಗುತ್ತದೆ ಎನ್ನುತ್ತಾರೆ ಸಭೆಯವರು. (ಥಾಣೆ)

ಅಮ್ಮಾ, ಅಳಿ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆ 1 ಥೆಸಲೋನಿಕ 4:13, ದುಃಖಿಸಲೇಬೇಡಿ ಎಂದಿಲ್ಲ. ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುವೇ ಅವನ ಸಮಾಧಿಗೆ ಹೋಗುವಾಗ ಅತ್ತರು. ವಿಶ್ವಾಸಕ್ಕಾಗಿ ಕೊಲೆಯಾದ ಸ್ತೆಫನನನ್ನು ಹೂಣಿಟ್ಟ ಭಕ್ತರು ಬಹಳವಾಗಿ ಗೋಳಾಡಿದರು (ಅಪೊಸ್ತಲರ ಕೃತ್ಯಗಳು 8:2).

ಸಭೆಯವರಿಗೆ: ವಿಧವೆಯರ ಕಷ್ಟದಲ್ಲಿ ಅವರನ್ನು ನೋಡಿಕೊಳ್ಳುವುದು ಶುದ್ಧ ಭಕ್ತಿ ಎನ್ನುತ್ತದೆ ಯಾಕೋಬ 1:27. ಉಪದೇಶಕ್ಕಿಂತ ಊಟದ ಡಬ್ಬಿ ತನ್ನಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಆಗಿದೆಯೇ ವಿಚಾರಿಸಿ. ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿಕೊಡಿ. ಬ್ಯಾಂಕು, ಪಿಂಚಣಿ ಕಚೇರಿ, ಹೌಸಿಂಗ್ ಸೊಸೈಟಿಗೆ ಯಾರಾದರೊಬ್ಬರು ಜೊತೆಗೆ ಹೋಗಿ. ಜನ ಬರುವುದು ಮೊದಲ ವಾರ, ಮನೆ ಖಾಲಿಯಾಗುವುದು ಎರಡನೇ ತಿಂಗಳು. ಆಗ ಹೋಗಿ.

ಗಣೇಶೋತ್ಸವದಲ್ಲಿ ಪಕ್ಕದ ಮನೆಯವರು ಪ್ರಸಾದ ಕೊಡುತ್ತಾರೆ. ತೆಗೆದುಕೊಳ್ಳದಿದ್ದರೆ ಬೇಸರ, ತೆಗೆದುಕೊಂಡರೆ ನನ್ನ ಮನಸ್ಸಿಗೆ ಕಸಿವಿಸಿ. (ಪುಣೆ, ಕೋಥ್ರೂಡ್)

ನಿಮ್ಮ ಮುಂದೆ ಇಟ್ಟದ್ದನ್ನು ಪ್ರಶ್ನೆ ಕೇಳದೆ ತಿನ್ನಿ, ಆದರೆ ಇದು ನೈವೇದ್ಯ ಎಂದು ಯಾರಾದರೂ ತಿಳಿಸಿದರೆ ಹೇಳಿದವರ ನಿಮಿತ್ತ ತಿನ್ನಬೇಡಿ ಎಂಬುದು ಪೌಲನ ಸಲಹೆ (1 ಕೊರಿಂಥ 10:27–28). ಪ್ರಸಾದ ಎಂದೇ ಕೊಡುವಾಗ ಬೇಡವೆನ್ನುವುದು ಸರಿ. ಹೇಗೆ ಬೇಡವೆನ್ನುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಬಾಗಿಲಲ್ಲೇ ಕೈಜೋಡಿಸಿ, 'ಕಾಕೂ, ನಮ್ಮ ಪದ್ಧತಿಯಲ್ಲಿ ಇದನ್ನು ತೆಗೆದುಕೊಳ್ಳುವುದಿಲ್ಲ, ಆದರೆ ಒಳಗೆ ಬನ್ನಿ, ಚಹಾ ಕುಡಿಯೋಣ' ಎನ್ನಿ. ತೆಗೆದುಕೊಂಡು ಆಮೇಲೆ ಕಸಕ್ಕೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಸುಳ್ಳೂ ಹೌದು, ಅವಮಾನವೂ ಹೌದು. ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಎಂದ ಪೇತ್ರ (1 ಪೇತ್ರ 3:15). ವರ್ಷವಿಡೀ ಲಿಫ್ಟಿನಲ್ಲಿ ಮುಖ ತಿರುಗಿಸಿಕೊಂಡವರನ್ನು ಆ ಕಾರಣ ಯಾರೂ ಕೇಳುವುದಿಲ್ಲ.

ಮೊಬೈಲಿನಲ್ಲಿ ಅಶ್ಲೀಲ ನೋಡುವ ಚಟ. ಪ್ರತಿ ಸಲ 'ಇನ್ನು ಯಾವತ್ತೂ ಇಲ್ಲ' ಎಂದು ಹರಕೆ ಹೊರುತ್ತೇನೆ, ಮುರಿಯುತ್ತೇನೆ. (ನವಿ ಮುಂಬಯಿ, ಪಿಜಿ ವಾಸಿ)

ಹರಕೆ ಬಿಡಿ, ಸಮಯ ಗುರುತಿಸಿ. ಒಂದು ವಾರ, ಬಿದ್ದ ದಿನ, ಗಂಟೆ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆದಿಡಿ. ಹೆಚ್ಚಿನವರಿಗೆ ಅದು ರಾತ್ರಿ ಹನ್ನೊಂದರ ಮೇಲೆ, ಒಬ್ಬರೇ ಇರುವಾಗ, ದಣಿದಿರುವಾಗ ಅಥವಾ ಆಫೀಸಿನಲ್ಲಿ ಬೈಸಿಕೊಂಡ ದಿನ. ಫೋನನ್ನು ಹಾಸಿಗೆಯಿಂದ ಏಳದೆ ಕೈಗೆ ಸಿಗದ ಜಾಗದಲ್ಲಿ ಚಾರ್ಜಿಗೆ ಹಾಕಿ, ಅಲಾರಂಗೆ ಇನ್ನೂರು ರೂಪಾಯಿಯ ಗಡಿಯಾರ ತನ್ನಿ. ವಯಸ್ಕರ ತಾಣಗಳನ್ನು ತಡೆಯುವ ಸೆಟ್ಟಿಂಗ್‌ನ ಪಾಸ್‌ವರ್ಡನ್ನು ಗೆಳೆಯನಿಂದ ಹಾಕಿಸಿ. ವಾರಕ್ಕೊಮ್ಮೆ ಅವನಿಗೇ ನಿಜ ಹೇಳಿ. ಬಿದ್ದ ದಿನ ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳಬೇಡಿ, ಆ ದಿನವೇ ಅದು ಬೇಕು. ಕ್ರಿಸ್ತನನ್ನು ಇದ್ದ ಹಾಗೆಯೇ ಕಾಣುತ್ತೇವೆ, ಅವನಂತಾಗುತ್ತೇವೆ ಎಂಬ ನಿರೀಕ್ಷೆಯುಳ್ಳವನು ತನ್ನನ್ನು ಶುದ್ಧಮಾಡಿಕೊಳ್ಳುತ್ತಾನೆ ಎಂದು ಯೋಹಾನ ಬರೆದ (1 ಯೋಹಾನ 3:2–3). ನಾಚಿಕೆ ಒಂದು ರಾತ್ರಿ ತಡೆಯುತ್ತದೆ, ವರ್ಷಗಟ್ಟಲೆ ನಡೆಸುವುದು ಆ ನಿರೀಕ್ಷೆಯೇ.

ಯೇಸುವಿನ ಬರೋಣದ ತಾರೀಖು ಗೊತ್ತಾಗಿದೆ ಎಂದು ವಾಟ್ಸಾಪಿನಲ್ಲಿ ಬಂದ ವಿಡಿಯೊ ನಂಬಿ ನಮ್ಮ ಭಾವ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾರೆ. ಉಳಿತಾಯವನ್ನೆಲ್ಲ ಆ ಬೋಧಕರಿಗೆ ಕೊಡುತ್ತಾರಂತೆ. (ಮೀರಾ ರೋಡ್)

ಆ ದಿನ, ಆ ಗಳಿಗೆ ತಂದೆಗೆ ಹೊರತು ಯಾರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿದರು (ಮಾರ್ಕ 13:32). ಮಗನಿಗೇ ಗೊತ್ತಿಲ್ಲದ್ದು ವಿಡಿಯೊ ಮಾಡುವವರಿಗೆ ಹೇಗೆ ಗೊತ್ತಾಯಿತು ಎಂದು ಭಾವನನ್ನು ಮೆಲ್ಲಗೆ ಕೇಳಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ನಂಬಿ ಕಾದರು. ಕೆಲವರು ಬೆಳೆದ ಬೆಳೆಯನ್ನೂ ಕೊಯ್ಯದೆ ಬಿಟ್ಟರು. ದಿನ ಬಂತು, ಹೋಯಿತು.

ಥೆಸಲೋನಿಕದಲ್ಲಿಯೂ ಕರ್ತನ ದಿನ ಬಂದೇಬಿಟ್ಟಿತು ಎಂಬ ಗದ್ದಲವಿತ್ತು, ಕೆಲಸ ಮಾಡದೆ ಅಡ್ಡಾಡುವವರೂ ಇದ್ದರು. ಸುಮ್ಮನೆ ಕೆಲಸ ಮಾಡಿ ತಮ್ಮ ಅನ್ನ ತಾವು ತಿನ್ನಲಿ ಎಂದು ಪೌಲ ಅವರಿಗೆ ಬರೆದ (2 ಥೆಸಲೋನಿಕ 3:12). ಪುನರುತ್ಥಾನದ ಬಗ್ಗೆ ಅಷ್ಟು ಉದ್ದ ಬರೆದ 1 ಕೊರಿಂಥ 15ನೇ ಅಧ್ಯಾಯವನ್ನೂ ಅವನು ಮುಗಿಸುವುದು, ನಿಮ್ಮ ಪ್ರಯಾಸ ವ್ಯರ್ಥವಲ್ಲ, ಕರ್ತನ ಕೆಲಸದಲ್ಲಿ ಸ್ಥಿರವಾಗಿ ನಿಲ್ಲಿ ಎಂದು.

ಹಣದ ವಿಷಯದಲ್ಲಿ ಭಾವನಿಗೆ ಅಪೊಸ್ತಲರ ಕೃತ್ಯಗಳು 5:4 ತೋರಿಸಿ. ಮಾರುವ ಮೊದಲು ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ದುಡ್ಡು ನಿನ್ನ ವಶದಲ್ಲೇ ಇತ್ತಲ್ಲ ಎಂದು, ಹೊಲ ಮಾರಿ ದುಡ್ಡು ತಂದ ಅನನೀಯನನ್ನು ಪೇತ್ರನೇ ಕೇಳಿದ್ದಾನೆ. ಅಪೊಸ್ತಲರು ಯಾರ ಉಳಿತಾಯಕ್ಕೂ ಕೈಚಾಚಿ ಒತ್ತಾಯಿಸಲಿಲ್ಲ. ಅಕ್ಕನನ್ನೂ ನಿಮ್ಮ ಸಭಾಪಾಲಕರನ್ನೂ ಜೊತೆಗೆ ಕೂರಿಸಿ ಮಾತಾಡಿ, ಮಕ್ಕಳ ಮುಂದೆ ಬೇಡ, ಮನೆಮಂದಿಯೆಲ್ಲ ಸೇರಿದ ಗದ್ದಲದಲ್ಲಿ ಬೇಡ. ಗೇಲಿ ಮಾಡಿದರೆ ಅವರು ಆ ಗುಂಪಿಗೇ ಇನ್ನಷ್ಟು ಅಂಟಿಕೊಳ್ಳುತ್ತಾರೆ. ಬ್ಯಾಂಕ್ ಠೇವಣಿ ಜಂಟಿ ಹೆಸರಿನಲ್ಲಿದ್ದರೆ, ಇಬ್ಬರ ಸಹಿಯಿಲ್ಲದೆ ಮುರಿಯಲು ಆಗದಂತೆ ಮಾಡಬಹುದೇ ಎಂದು ಅಕ್ಕ ನಾಳೆಯೇ ವಿಚಾರಿಸಲಿ. ನೋಟಿಸ್ ಅವಧಿ ಮುಗಿಯುವ ಮುಂಚೆ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲು ಮನವಿ ಕೊಡಬಹುದು. ಒಪ್ಪುವುದು ಬಿಡುವುದು ಕಂಪನಿಗೆ ಬಿಟ್ಟದ್ದು, ಆದ್ದರಿಂದ ತಡಮಾಡದೆ ಈ ವಾರದೊಳಗೆ ಬರವಣಿಗೆಯಲ್ಲಿ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಲಿ.